ಹದ್ದಲ್ಲ, ಗೊತ್ತಿಲ್ಲ

ಒಂದೂರಲ್ಲಿ ಒಬ್ಬ ಕಾವಲುಗಾರನಿದ್ದ. ಶ್ರೀಮಂತನ ಕಥೆ ಬರುತ್ತದೆ ಅಂತ, ಇಲ್ಲಿ ಕಥೆ ಕೇಳಲು ಬಂದ ಮುಂದಿನ ಸಾಲಿನ ಯಜಮಾನರು ನೆಟ್ಟಗೆ ಕೂತರು, ನೋಡಿ! ಇರಲಿ, ಇವತ್ತು ಬಡವನ ಸರದಿ.

ಕೋಟೆಯ ಬುರುಜಿನ ಮೇಲೆ ನಿಂತು ಆಕಾಶ ನೋಡುವುದು, ಕಂಡದ್ದನ್ನು ಮಂತ್ರಿಗೆ ಹೇಳುವುದು, ಇದು ಅವನ ಕೆಲಸ. ಒಂದು ಸಂಜೆ, ಹೊತ್ತು ಮುಳುಗುವ ಮೊದಲು, ಹಂಡೆಯಷ್ಟು ದೊಡ್ಡದೇನೋ ಒಂದು ಆಕಾಶದಲ್ಲಿ ಥಳಥಳ ಹೊಳೆಯುತ್ತ ಬಂತು. ರೆಕ್ಕೆಯಿಲ್ಲ, ಸದ್ದಿಲ್ಲ. ಗಾಳಿಗೆ ಎದುರಾಗಿ ಬಂದು, ತುಸು ನಿಂತು, ಕಣ್ಣು ಮಿಟುಕಿಸುವುದರೊಳಗೆ ಮಾಯ! ಅವನಿಗೆ ಹೆದರಿಕೆಯಾಗಲಿಲ್ಲ, ಎಂಥ ಚಂದ ಅನ್ನಿಸಿ ನಗು ಬಂತು. ಓಡಿಹೋಗಿ ಮಂತ್ರಿಗೆ ಹೇಳಿದ.

"ಹದ್ದು ಅಂತ ಹೇಳು," ಎಂದರು ಮಂತ್ರಿಗಳು.

"ಹದ್ದಲ್ಲ ಬುದ್ಧಿ."

"ಮತ್ತೇನು?"

"ಗೊತ್ತಿಲ್ಲ ಬುದ್ಧಿ."

ಅಯ್ಯೋ! ಆ ಅರಮನೆಯಲ್ಲಿ ಏನು ಬೇಕಾದರೂ ಅನ್ನಬಹುದಿತ್ತು, 'ಗೊತ್ತಿಲ್ಲ' ಅನ್ನುವ ಹಾಗಿರಲಿಲ್ಲ. ಪ್ರಭುಗಳಿಗೆ ತಿಳಿಯದ್ದೂ ಒಂದಿದೆ ಅಂದರೆ ಸಿಂಹಾಸನದ ಮಾನ ಉಳಿಯುತ್ತದೆಯೇ? "ಮೇಲೆ ನೋಡಿದ್ದು ಸಾಕು, ಇನ್ನು ಕೆಳಗೆ ನೋಡು," ಎಂದು ಮಂತ್ರಿಗಳು ಅವನನ್ನು ಆನೆಯ ಲದ್ದಿ ಬಾಚಲು ಹಾಕಿದರು. ಮತ್ತೆ ಬಾಯಿ ಬಿಟ್ಟರೆ ಗಡೀಪಾರು ಅಂದರು.

ಮನೆಯಲ್ಲಿ ಹೆಂಡತಿ, "ಹದ್ದು ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ತು?" ಅಂದಳು.

"ಸುಳ್ಳು ಹೇಳೋಕೆ ಅಷ್ಟೆತ್ತರ ಯಾಕೆ ಹತ್ಬೇಕಿತ್ತು? ನೆಲದ್ ಮೇಲೆ ನಿಂತೇ ಹೇಳ್ಬಹುದಿತ್ತಲ್ಲ," ಅಂದ. ಎಂಥ ಮಾತು, ನೋಡಿ!

ಇತ್ತ ಮಂತ್ರಿಗಳು ಊರಲ್ಲಿ ಡಂಗುರ ಹೊಡೆಸಿದರು: ಬಂದದ್ದು ಹದ್ದು, ಬಂಡಿಯಷ್ಟು ದೊಡ್ಡ ಹದ್ದು! ಏನಾಯಿತು? ಕೋಳಿಗಳನ್ನು ಯಾರೂ ಗೂಡಿನಿಂದ ಬಿಡಲಿಲ್ಲ. ಕೂಸುಗಳನ್ನು ಅಂಗಳಕ್ಕಿಳಿಸಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಹಾಕಲಿಲ್ಲ. ಒಬ್ಬ ಅಜ್ಜಿ ನೇರ ಆಸ್ಥಾನಕ್ಕೇ ಬಂದು, "ಸ್ವಾಮಿ, ಅಷ್ಟ್ ದೊಡ್ ಹದ್ದು ಯಾವ್ ಮರದ್ ಮೇಲೆ ಕೂರುತ್ತೆ? ಮೊಟ್ಟೆ ಎಲ್ಲಿಡುತ್ತೆ?" ಎಂದಳು. ಮಂತ್ರಿಗಳು ರಾಜನ ಕಡೆ ತಿರುಗಿದರು.

ರಾಜ ಕಾವಲುಗಾರನನ್ನು ಕರೆಸಿ, "ಏನಪ್ಪಾ ಅದು?" ಎಂದ. ಗಡೀಪಾರಿನ ಮಾತು ಅವನ ಕಿವಿಯಲ್ಲೇ ಇತ್ತು. ಆದರೂ ಕಂಡದ್ದನ್ನು ಕಂಡ ಹಾಗೆ ಹೇಳಿ, "ಏನಂತ ಗೊತ್ತಿಲ್ಲ ಮಹಾಸ್ವಾಮಿ," ಎಂದ.

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನೂ ಉಪ್ಪರಿಗೆಯಿಂದ ನೋಡ್ದೆ ಕಣಯ್ಯ! ನನಗೂ ಗೊತ್ತಿಲ್ಲ! ಹೇಳಿದ್ರೆ ಎಲ್ಲಿ ನಗ್ತಾರೋ ಅಂತ ಸುಮ್ನಿದ್ದೆ."

ಮತ್ತೆ ಡಂಗುರ! ಪ್ರಭುಗಳಿಗೂ ಗೊತ್ತಿಲ್ಲ! ಕಂಡವರೆಲ್ಲ ಬಂದು ಹೇಳಿ, ಹೇಳಿದವರ ಕೂದಲು ಕೊಂಕಿದರೂ ಅರಮನೆ ಸುಮ್ಮನಿರದು! ಕಟ್ಟೆ ಒಡೆದ ಹಾಗೆ ಜನ ಬಂದರು. ನಾನೂ ಕಂಡೆ, ನಾನೂ ಕಂಡೆ! ಆ ಸಂಜೆ ಇಡೀ ಊರು ಮಾಳಿಗೆ ಹತ್ತಿ, ಆಕಾಶ ನೋಡುತ್ತ, ಹರಟುತ್ತ ಕೂತಿತು. ಹೆದರಿಕೆ ಹೋಗಿ ಹಬ್ಬವಾಯಿತು. ಕಾವಲುಗಾರ ತನ್ನ ಬುರುಜಿಗೆ ಮರಳಿದ, ಈ ಸಲ ನೋಡುವುದಕ್ಕೆ ಹೆಂಡತಿಯೂ ಬಂದಳು.

ನಗುತ್ತಿದ್ದೀರಿ. ನಗಿ, ಒಳ್ಳೆಯದು. ಆದರೆ ಆ ಮಂತ್ರಿ ಯಾರು? ಮಗು ಕೇಳಿದ್ದಕ್ಕೆ ಉತ್ತರ ತಿಳಿಯದೆ ಗದರಿ ಕೂರಿಸಿದವರು ಯಾರು? ಕಂಡದ್ದನ್ನು ಹೇಳಿದ ತಪ್ಪಿಗೆ ನಿಮ್ಮ ಕಚೇರಿಯಲ್ಲಿ ಒಬ್ಬನನ್ನು ಮೂಲೆಗೆ ತಳ್ಳಿದಾಗ, 'ನನಗ್ಯಾಕೆ ಊರ ಉಸಾಬರಿ' ಅಂತ ತಲೆ ತಗ್ಗಿಸಿದವರು ಯಾರು? ಇವತ್ತು ಮನೆಗೆ ಹೋಗಿ, ಮಗುವಿನ ಮುಂದೆ ಬಾಯ್ತುಂಬ 'ಗೊತ್ತಿಲ್ಲ, ಬಾ ನೋಡೋಣ' ಅನ್ನಿ. ನಾಳೆ ಕಚೇರಿಯಲ್ಲಿ ಆ ಮೂಲೆಗೆ ಹೋಗಿ, ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಊಟದ ಡಬ್ಬಿ ಬಿಚ್ಚಿ. ಎಲ್ಲರೂ ನೋಡುವ ಹಾಗೆ ಬಿಚ್ಚಿ.