ಹುಣಸೆಹಣ್ಣಿನಿಂದ ತೊಳೆದ ಕಮಲದ ನೆಲ

ಹೆಸರು ನೀಲಾಂಬಿಕಾ ಕೋಂ ರಾಚಪ್ಪ ಮುನವಳ್ಳಿ, ವಯಸ್ಸು ೧೯, ಉದ್ಯೋಗ ಮನೆಗೆಲಸ, ಓದು ಬೆಳಗಾವಿಯ ಇಂಗ್ಲೀಷ್ ಶಾಲೆಯಲ್ಲಿ ಮ್ಯಾಟ್ರಿಕ್‌ವರೆಗೆ, ಸಾಕಿನ್ ಮೂಡಲಗಿ, ತಾಲೂಕು ಗೋಕಾಕ. ಫೌಜದಾರ ಸಾಹೇಬರು ಕೇಳಿದ ಮೇರೆಗೆ ನಾನು ಸ್ವಂತ ಬುದ್ಧಿಯಿಂದ ತಿಳಿಸುವುದೇನೆಂದರೆ:

ನನ್ನ ಗಂಡನ ಸೋದರತ್ತೆ, ಗೋಕಾಕದ ತಾಯವ್ವನವರು, ತಮ್ಮ ಪಡಸಾಲೆಯ ಬಣ್ಣದ ನೆಲವನ್ನು ನಾನು ಬೇಕೆಂದೇ ಕೆಡಿಸಿದೆನೆಂದು ನಿನ್ನೆ ಫಿರ್ಯಾದಿ ಕೊಟ್ಟಿದ್ದಾರೆ. ಕೆಡಿಸಿದ್ದು ಖರೆ. ಬೇಕೆಂದೇ ಕೆಡಿಸಿದ್ದೂ ಖರೆ. ಉಳಿದದ್ದನ್ನು ಮೊದಲಿನಿಂದ ಹೇಳುತ್ತೇನೆ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದು ರೈಟರ್ ಅವರನ್ನು ಕೇಳಿಕೊಂಡಿದ್ದೇನೆ.

ನನ್ನ ಮದುವೆ ತಾರೀಖು ೧೨–೫–೧೯೩೮ರಂದು ಆಯಿತು. ಮೂಡಲಗಿಯ ನಮ್ಮ ಮನೆಗೆ ಮಣ್ಣಿನ ನೆಲ, ವಾರಕ್ಕೆರಡು ಸಲ ಸಗಣಿಯಿಂದ ಸಾರಿಸುವುದು. ಪಡಸಾಲೆಗಾದರೂ ಫರಸಿ ಬಿಲ್ಲೆ ಹಾಸೋಣವೆಂದು ನಾವಿಬ್ಬರೂ ಅಕ್ಟೋಬರ್ ತಿಂಗಳಲ್ಲಿ ಬೆಳಗಾವಿಗೆ ಹೋದೆವು. ಶಹಾಬಾದದ ಕಲ್ಲು ಗಟ್ಟಿ, ಆದರೆ ಮೋಡದ ಬಣ್ಣ. ನನಗೆ ಸಿಮೆಂಟಿನ ಬಣ್ಣದ ಫರಸಿ ಬೇಕಿತ್ತು. ಅಂಗಡಿಯಲ್ಲಿ ಒಂದು ಫರಸಿಯ ಮೇಲೆ ನಾನು, ಪಕ್ಕದ್ದರ ಮೇಲೆ ನಮ್ಮ ಮನೆಯವರು ನಿಂತು ನೋಡಿದೆವು. ಅಷ್ಟು ಸಂತೋಷದ ದಿನ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಇದನ್ನು ಬರೆಯಬೇಕಿಲ್ಲವೆಂದು ರೈಟರ್ ಹೇಳಿದರು. ಬರೆಯಲೇಬೇಕೆಂದು ನಾನು ಹೇಳಿದೆ.

ಚಿತ್ರವನ್ನು ನಾನೇ ಬರೆದುಕೊಟ್ಟೆ: ಕೆಂಪು ಕಮಲ, ಎಲೆ ಮಾತ್ರ ನೀಲಿ. ಅಂಥ ಎಲೆ ಎಲ್ಲಿಯೂ ಇಲ್ಲವೆಂದು ಅಂಗಡಿಯವನು ನಕ್ಕ. ನನ್ನ ತಂದೆಯವರು ಅದರಂತೆ ೧೪೪ ಫರಸಿ ಮಾಡಿಸಿ ನನಗೆ ಉಡುಗೊರೆ ಕೊಟ್ಟರು. ಒದ್ದೆ ಅರಿವೆಯಿಂದ ಒರೆಸಿ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ತಿಕ್ಕಬೇಕೆಂದು ಅಂಗಡಿಯವನು ಹೇಳಿ, "ಹುಳಿ ಮಾತ್ರ ತಾಗಸಬ್ಯಾಡ್ರಿ ಅಕ್ಕಾರ, ಹುಳಿ ತಾಗಿದ್ರ ಬಣ್ಣದ ಕತಿ ಮುಗೀತು" ಎಂದ.

ಫರಸಿಯ ಗಾಡಿ ೩–೧೧–೧೯೩೮ರಂದು ಮಧ್ಯಾಹ್ನ ನಾಲ್ಕಕ್ಕೆ ಬಂತು. ಮರುದಿನ ನಾವಿಬ್ಬರೂ ಕುಳಿತು ಒಂದೊಂದರ ಬೆನ್ನಿಗೂ ಕೆಂಪು ಎಣ್ಣೆಬಣ್ಣದಿಂದ ಅಕ್ಷರ ಬರೆದೆವು. ಅವರು ೭೨ ಸಲ 'ನೀ' ಎಂದು, ನಾನು ೭೨ ಸಲ 'ರಾ' ಎಂದು. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನಮ್ಮಲ್ಲಿಲ್ಲ, ಅದಕ್ಕೇ ಬರೆದೆ. "ಮಣ್ಣಾಗ ಹೋದ್ಮ್ಯಾಲ ಯಾರ ಓದ್ತಾರ ಇದನ್ನ?" ಎಂದು ಅವರು ಚೇಷ್ಟೆ ಮಾಡಿದರು. "ನೆಲಕ್ಕ ಗೊತ್ತಿದ್ರ ಸಾಕ್ರಿ" ಎಂದೆ.

೬–೧೧–೧೯೩೮ರಂದು ಬೆಳಿಗ್ಗೆ ಹತ್ತಕ್ಕೆ ತಾಯವ್ವನವರು ಬಂದರು. ನನಗೆ ಅತ್ತೆ ಇಲ್ಲ, ಹಿರಿಯರೆಂದರೆ ಅವರೇ. ಫರಸಿ ನೋಡಿ, "ಲಕ್ಷ್ಮಿ ಕುಂದ್ರೂ ಹೂವಿನ ಮ್ಯಾಲ ಕಾಲಿಟ್ಟ ಅಡ್ಡಾಡ್ತೀಯೇನ ನೀಲಾ? ನಿಮ್ಮ ಇಂಗ್ಲೀಷ ಸಾಲ್ಯಾಗ ಇದನ್ನ ಕಲಿಸ್ಯಾರೇನ?" ಎಂದರು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿ, "ರಾಚೂ, ಇದನ್ನ ಹಾಸಿದ ಮನ್ಯಾಗ ತೊಟ್ಟಲಾ ತೂಗೂದಿಲ್ಲ. ನಾ ಹೋಗೂ ಮುಂದ ಮಸಗುಪ್ಪಿ ಹತ್ರ ಹೊಳಿಗೆ ಬಿಡ್ತೇನಿ" ಎಂದರು. ನಮ್ಮ ಮನೆಯವರು ಹೆದರಿದರು. ನಾನು ಅತ್ತುಬಿಟ್ಟೆ. ಹನ್ನೆರಡಕ್ಕೆ ಅವರ ಗಾಡಿಗೆ ೧೪೩ ಫರಸಿ ಏರಿದವು. ಒಂದನ್ನು ನಾನು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟುಕೊಂಡೆ. ಆಗ ನನಗೆ ಸಂಶಯವಿರಲಿಲ್ಲ, ಬರೀ ಆಸೆ ಇತ್ತು.

೮–೧–೧೯೩೯ರಂದು ಊಟಕ್ಕೆ ಕರೆದರೆಂದು ಗೋಕಾಕಕ್ಕೆ ಹೋದೆವು. ಅವರ ಪಡಸಾಲೆಯ ನಡುವೆ ಕೆಂಪು ಕಮಲ, ನೀಲಿ ಎಲೆ. ಹನ್ನೆರಡು ಸಾಲು, ಸಾಲಿಗೆ ಹನ್ನೆರಡು. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದರ ಜಾಗಕ್ಕೆ ಬರೀ ಸಿಮೆಂಟು ಮೆತ್ತಿತ್ತು. ಕೇಳಿದ್ದಕ್ಕೆ ತಾಯವ್ವನವರು, "ಕೊಲ್ಲಾಪುರದಿಂದ ತರಿಸೇನಿ. ಇದು ಕಮಲ ಅಲ್ಲ ನೀಲಾ, ಸೂರ್ಯನ ಚಕ್ರ" ಎಂದರು. ಹಿಂದಿರುಗುವಾಗ ನಮ್ಮ ಮನೆಯವರು, "ಅಂಥಾವು ಸಾವಿರ ಇರ್ತಾವು. ನಮ್ಮತ್ತಿ ಸುಳ್ಳ ಹೇಳಾಕಿ ಅಲ್ಲ" ಎಂದರು. ಗೋಕಾಕದಿಂದ ಮೂಡಲಗಿಗೆ ಸುಮಾರು ಹದಿನಾರು ಮೈಲು. ಹದಿನಾರು ಮೈಲೂ ನಾನು ಮನಸ್ಸಿನಲ್ಲಿ ಆ ಸಾಲುಗಳನ್ನೇ ಎಣಿಸಿದೆ. ಆಮೇಲೆ ಹದಿನಾಲ್ಕು ದಿನ ಬಹಳ ನಗುನಗುತ್ತ ಇದ್ದೆ.

ನಿನ್ನೆ ೨೨–೧–೧೯೩೯, ತಾಯವ್ವನವರ ಮಗಳ ನಿಶ್ಚಯ. ಹುಕ್ಕೇರಿಯಿಂದ ಬೀಗರು ಬರುವವರಿದ್ದರು. ಬೆಳಿಗ್ಗೆ ಎಂಟಕ್ಕೆ ಹತ್ತು ಜನ ಹೆಂಗಸರ ಮುಂದೆ ತಾಯವ್ವನವರು ನನ್ನನ್ನು ಕರೆದು, "ಬಾ ಇಂಗ್ಲೀಷ ಮಡಮ್ಮ, ಬೀಗರ ಬರೂದ್ರಾಗ ನೆಲಾ ತಾಮ್ರದ ಕೊಡದಂಗ ಹೊಳೀಬೇಕ ನೋಡು" ಎಂದರು. "ಹಂಗಾರ ಹುಣಸಿಹಣ್ಣ ಹಚ್ಚಲೇನ್ರಿ ಅತ್ತಿಯವರ?" ಎಂದು ಕೇಳಿದೆ. "ಹಚ್ಚು, ಉಪ್ಪೂ ಹಾಕು" ಎಂದು ಎರಡು ಸೇರು ಹಳೆಯ ಹುಣಸೆಹಣ್ಣನ್ನು ತಮ್ಮ ಕೈಯಾರೆ ತೆಗೆದುಕೊಟ್ಟರು. "ನೆಲಾ ನಿಮ್ಮದ ಹೌದಲ್ರಿ?" ಎಂದು ಮತ್ತೊಮ್ಮೆ ಕೇಳಿದೆ. "ನಂದಲ್ದ ನಿಮ್ಮಪ್ಪಂದೇನ?" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಎಂಟೂವರೆಯಿಂದ ಹನ್ನೊಂದೂವರೆಯವರೆಗೆ ಮೊಣಕಾಲೂರಿ ಹುಳಿ ತಿಕ್ಕಿದೆ, ಮೇಲೆ ಹುಳಿಯಲ್ಲಿ ನೆನೆಸಿದ ಗೋಣಿತಾಟು ಹಾಸಿದೆ. ಹುಳಿ ಸುಣ್ಣವನ್ನು ತಿನ್ನುವುದನ್ನು ಶಾಲೆಯಲ್ಲಿ ಗಾಜಿನ ಲೋಟದಲ್ಲಿ ತೋರಿಸಿದ್ದರು, ಆದ್ದರಿಂದ ಅರಿಯದೆ ಮಾಡಿದೆನೆಂದು ನಾನು ಹೇಳುವುದಿಲ್ಲ. ಆರು ಕೊಡ ನೀರು ಹಾಕಿದಾಗ ಕೆಂಪು ಒಣಗಿದ ಗಾಯದಂತೆ, ನೀಲಿ ಬೂದಿಯಂತೆ ಆಗಿತ್ತು. ಆ ಎಲೆಗಳನ್ನು ಬರೆದವಳು ನಾನೇ. ಬೆರಳ ತುದಿ ಸುಲಿದು ಉರಿಯುತ್ತಿತ್ತು, ಹಿತವಾಗಿತ್ತು.

ಮೂರು ಗಂಟೆ ಹತ್ತು ನಿಮಿಷಕ್ಕೆ ಬೀಗರು ಬಂದರು. ಬೀಗಿತ್ತಿ ನೆಲ ನೋಡಿ, "ಹುಗ್ಗಿ ಚೆಲ್ಲಿ ಒರಸೂದು ಮರತೀರೇನ್ರಿ?" ಎಂದು ತಾಯವ್ವನವರನ್ನು ಕೇಳಿದರು. ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲವಾದ್ದರಿಂದ ನಾನೇ ಜಮಖಾನೆ ಹಾಸಿದೆ. ನಿಶ್ಚಯವೇನೂ ತಪ್ಪಲಿಲ್ಲ, ನಡೆಯಿತು. ಸಂಜೆ ಐದೂವರೆಗೆ ತಾಯವ್ವನವರು ಠಾಣೆಗೆ ಬಂದು, ೧೪೩ ಫರಸಿಗಳೂ ತಮ್ಮವೇ, ತಾವೇ ಕೊಂಡದ್ದು ಎಂದು ಬರೆಸಿ ಹೆಬ್ಬೆಟ್ಟು ಒತ್ತಿದರು. ನಾನು ಕಾಯುತ್ತಿದ್ದದ್ದು ಆ ಹೆಬ್ಬೆಟ್ಟಿಗೆ.

ಇಂದು ಬೆಳಿಗ್ಗೆ ಏಳೂವರೆಗೆ ಫೌಜದಾರ ಸಾಹೇಬರು ಪಂಚನಾಮೆಗೆ ತಾಯವ್ವನವರ ಮನೆಗೆ ಬಂದಾಗ, ಊರಿಂದ ಬರುವಾಗಲೇ ಸೀರೆಯಲ್ಲಿ ಸುತ್ತಿ ತಂದಿದ್ದ ಆ ಒಂದು ಫರಸಿಯನ್ನು ಹಾಜರುಪಡಿಸಿದೆ. ಅದರ ಬೆನ್ನಿಗೆ 'ರಾ' ಎಂದಿದೆ. ನೆಲದ ಒಂದು ಫರಸಿಯನ್ನು ಎಬ್ಬಿಸಿ ನೋಡಬೇಕೆಂದು ಕೋರಿದೆ. ಅವುಗಳನ್ನು ಹಾಸಿದ ಗೌಂಡಿ ಉದ್ದಪ್ಪ ಹಾರೆ ತಂದಿದ್ದ. ನಮ್ಮ ಮನೆಯವರು ಅದನ್ನು ಅವನ ಕೈಯಿಂದ ತೆಗೆದುಕೊಂಡು ಹೊಸ್ತಿಲ ಬಳಿಯ ಫರಸಿಯನ್ನು ತಾವೇ ಎಬ್ಬಿಸಿದರು. ಗಾರೆ ಕೆರೆದಾಗ 'ನೀ' ಕಂಡಿತು, ಅವರದೇ ಕೈಬರಹ. ಅಕ್ಷರದ ಮೇಲೆ ಉಳಿದ ಗಾರೆಯನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ, "ಅತ್ತಿ, ಹೊಳಿ ನಿಮ್ಮ ಪಡಸಾಲ್ಯಾಗ ಹರೀತೈತೇನ್ರಿ?" ಎಂದರು. ನಮ್ಮ ಮನೆಯವರು ನನ್ನ ಕಡೆ ನೋಡಿದರು. ನಾನು ಕೂಡಲೇ ನೋಡಲಿಲ್ಲ.

ನನ್ನ ವಸ್ತುವನ್ನು ನಾನು ಕೆಡಿಸಿದ್ದೇನೆ. ಫರಸಿಗಳನ್ನು ಹಿಂದಕ್ಕೆ ಕೊಡಿಸಬೇಕೇ ಎಂದು ಸಾಹೇಬರು ಕೇಳಿದರು. ಬೇಡ. ನನ್ನದು ಒಂದೇ ಕೋರಿಕೆ: ಎಲ್ಲವನ್ನೂ ಎಬ್ಬಿಸಿ, ಬೆನ್ನು ಮೇಲೆ ಮಾಡಿ, ಅದೇ ಪಡಸಾಲೆಯಲ್ಲಿ ಮತ್ತೆ ಹಾಸಿಸಬೇಕು. ತಾಯವ್ವನವರು ದಿನಾಲು ನಮ್ಮಿಬ್ಬರ ಅಕ್ಷರಗಳನ್ನು ಒದ್ದೆ ಅರಿವೆಯಿಂದ ಒರೆಸಲಿ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ತಿಕ್ಕಲಿ. ಕಮಲ ಕೆಳಗೆ ಹೋಗುವುದರಿಂದ ಲಕ್ಷ್ಮಿಯ ಹೂವನ್ನು ತುಳಿದ ಪಾಪ ಅವರಿಗೆ ತಟ್ಟುವುದಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಇದರಲ್ಲಿ ಸುಳ್ಳಿಲ್ಲ, ಪಶ್ಚಾತ್ತಾಪವೂ ಇಲ್ಲ.

ಸ್ಥಳ: ಗೋಕಾಕ
ತಾರೀಖು: ೨೩–೧–೧೯೩೯
(ಸಹಿ) ನೀಲಾಂಬಿಕಾ ರಾಚಪ್ಪ ಮುನವಳ್ಳಿ