ಬಾವಿ ಹತ್ರ ಬಂದ ಪ್ರಿನ್ಸಿಪಾಲ್ ಫಾದರ್

ನಗೋದಾದ್ರೆ ಈಗಲೇ ನಕ್ಕುಬಿಡಿ... ಆಮೇಲೆ ನಗಬೇಡಿ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್. ನಾವೆಲ್ಲ ಅಕ್ಕ ಅಂತೀವಿ.

ಆವತ್ತು ಕತ್ತಲಾದ ಮೇಲೆ ಅಕ್ಕ ಕಾಲೇಜಿನ ಹಿಂದಿನ ಬಾವಿ ದಾರಿ ಹಿಡಿದು ಮನೆಗೆ ಹೊರಟಿದ್ದಳು. ಸಿಟ್ಟಿಗೆ ಮೈಯೆಲ್ಲ ಉರೀತಿತ್ತು. ತೀರಿಕೊಂಡ ಹಳೇ ಪ್ರಿನ್ಸಿಪಾಲ್ ಫಾದರ್‌ಗೆ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಆಗಷ್ಟೇ ಮುಗಿದಿತ್ತು.

ಆ ಫಾದರ್ ಜೆಸ್ವಿಟ್ ಪಾದ್ರಿ. ಮಲಗೋಕೆ ಒಂದು ಕೋಣೆ, ತೊಡೋಕೆ ಬಿಳಿ ನಿಲುವಂಗಿ, ಮೂಗಿನ ತುದೀಲಿ ಕೋಪ... ಅಷ್ಟೇ ಅವರ ಆಸ್ತಿ. ಗಂಡುಹುಡುಗರ ಕಾಲೇಜಿಗೆ ಹುಡುಗಿಯರನ್ನೂ ಸೇರಿಸ್ತೀನಿ ಅಂತ ಹಟ ಹಿಡಿದಾಗ ಹುಡುಗರು ಮುಷ್ಕರ ಮಾಡಿದ್ರು, ಕಲ್ಲು ಬಿತ್ತು. ಫಾದರ್ ಅಡ್ಡ ನಿಂತು, ಆಗಷ್ಟೇ ಓದೋಕೆ ಸೇರಿದ್ದ ಅಕ್ಕನ್ನ ಗೇಟಿನೊಳಗೆ ಬಿಟ್ರು. ಒಂದು ಕಲ್ಲು ಅವರ ಎಡಗಿವಿಗೇ ಬಡೀತು. ಆ ಕಿವಿ ಮತ್ತೆ ಕೇಳಲಿಲ್ಲ. ಪೊಲೀಸರ ಮುಂದೆ ಮಾತ್ರ ಫಾದರ್ ಹೊಡೆದ ಹುಡುಗನ ಹೆಸರು ಹೇಳಲಿಲ್ಲ. "ಓದ್ಕೊಂಡು ಮನುಷ್ಯ ಆಗ್ಲಿ" ಅಂದ್ರಂತೆ.

ಆ ಕಲ್ಲು ಹೊಡೆದವನು ಈಗ ದೊಡ್ಡ ವಕೀಲ. ಶ್ರದ್ಧಾಂಜಲಿ ಸಭೇಲಿ ಮೈಕ್ ಮುಂದೆ ಕಣ್ಣೊರೆಸ್ಕೊಂಡು ಏನಂದ ಗೊತ್ತಾ? "ಆವತ್ತು ಫಾದರ್ ಜೊತೆ ನಿಂತು ಗೇಟು ತೆಗೆದವನು ನಾನೇ!" ಜನ ಚಪ್ಪಾಳೆ ತಟ್ಟಿದ್ರು. ಅಕ್ಕ ಹಲ್ಲು ಕಚ್ಚಿಕೊಂಡು ಕೂತಳು.

ಬಾವಿ ಹತ್ರ ಬಂದಳು... ಕಪ್ಪೆಗಳ ವಟವಟ ಗಕ್ಕನೆ ನಿಂತಿತು. ಹಿಂದೆ ಜಲ್ಲಿ ಮೇಲೆ ಬೂಟಿನ ಸದ್ದು. ಕರಕ್... ಕರಕ್... ತಿರುಗಿದಳು.

ಫಾದರ್. ಬಲಗಿವಿ ಮುಂದೆ ಮಾಡ್ಕೊಂಡು, ಬದುಕಿದ್ದಾಗ ನಿಲ್ತಿದ್ದ ಹಾಗೇ.

"ಏನಂದ ಅವನು?" ಪಿಸುದನಿ.

"ಗೇಟು... ತಾನೇ ತೆಗೆದಿದ್ದು ಅಂದ."

"ನೀನೇನಂದೆ?"

"...ಏನೂ ಇಲ್ಲ, ಫಾದರ್."

"ಇದಕ್ಕಾ ನಿನ್ನ ಓದಿಸಿದ್ದು?"

ಬಾವಿಯಲ್ಲಿ ನೀರು ಡುಬುಕ್ ಅಂತು. ಕಣ್ಣು ಮಿಟುಕಿಸೋದ್ರೊಳಗೆ ಅಲ್ಲಿ ಯಾರೂ ಇಲ್ಲ.

ಹೆದರಿ ಓಡಬೇಕಿತ್ತು ತಾನೆ? ಓಡಿದಳು... ಆದ್ರೆ ಮನೆ ಕಡೆ ಅಲ್ಲ, ವಾಪಸ್ ಕಾಲೇಜಿಗೆ! ವಕೀಲ ಕಾರಿನ ಬಾಗಿಲ ಮೇಲೆ ಕೈ ಇಟ್ಟಿದ್ದ. ಸುತ್ತ ಜನ.

"ಥೂ ನಿನ್ನ! ಫಾದರ್ ಕಿವಿಗೆ ಕಲ್ಲು ಹೊಡೆದೋನು ನೀನು. ಅವರ ಬೆನ್ನ ಹಿಂದೇ ನಿಂತಿದ್ದೆ ನಾನು. ಈ ಕಣ್ಣಲ್ಲೇ ನೋಡಿದೀನಿ!"

"ಯಾರಮ್ಮ ನಿನ್ನ ತಲೆ ಕೆಡಿಸಿದ್ದು?" ಅಂದ ಅವನು. ನಗೋಕೆ ನೋಡಿದ. ಜೊತೆಗೆ ಒಬ್ಬರೂ ನಗಲಿಲ್ಲ. ಒಬ್ಬೊಬ್ಬರಾಗಿ ದೂರ ಸರಿದರು. ಧಡ್ ಅಂತ ಬಾಗಿಲು ಹಾಕ್ಕೊಂಡು ಒಬ್ಬನೇ ಹೊರಟುಹೋದ.

ಮನೇಲಿ ಅವನ ಹೆಂಡತಿ ಬಾಗಿಲು ತೆಗೆದ್ರು. ಕಾರಿನ ಕಡೆ ನೋಡಿ ಮೆಲ್ಲಗೆ ಕೇಳಿದ್ರಂತೆ: "ಹಿಂದಿನ ಸೀಟಲ್ಲಿ ಯಾರೋ ಹಿರಿಯರು ಕೂತಿದಾರಲ್ಲ... ಒಳಗೆ ಕರೀಲಿಲ್ವಾ?"

ಹೋಗಿ ನೋಡಿದ್ರೆ ಯಾರೂ ಇಲ್ಲ. ಸೀಟು ಮಾತ್ರ ಬೆಚ್ಚಗಿತ್ತು.

ಆಕೆಯೇ ಬಂದು ಅಕ್ಕನ ಹತ್ರ ಹೇಳಿದ್ದು ಇದು. ನಾನು ಪಕ್ಕದಲ್ಲೇ ಕೂತಿದ್ದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು... ಆದದ್ದಂತೂ ಆದದ್ದೇ.