ಗಿಡಕ್ಕ ಹಚ್ಚಿದ ಹತ್ತಿ

ಅಲ್ಲ ಯವ್ವಾ, ಆ ಹತ್ತೀನ ಗಿಡಕ್ಕ ಹಚ್ಚಬ್ಯಾಡ ಅಂತ ನಾ ಎಲ್ಲಿ ಅಂದೇನಿ, ಸಾಲ್ಯಾಗ ಕ್ರಿಸ್‌ಮಸ್ ಮಾಡ್ತಾರಂದ್ರ ಮಾಡ್ರಿ, ಚಲೋ ಹಬ್ಬ ಅದು. ಆದ್ರ ಹಂಗ ಗಿಡದ ಮ್ಯಾಲೆ ಹತ್ತಿ ಕಂಡ್ರ ನನಗ ಇವತ್ತಿಗೂ ಮೈ ಉರೀತೈತಿ, ಏನ್ ಮಾಡ್ಲಿ? ಕೂಡ್ರಿ ಇಲ್ಲೆ ಕಟ್ಟಿ ಮ್ಯಾಲೆ, ಹೇಳ್ತೇನಿ. ನಾ ಅಣ್ಣಿಗೇರಿ ಹತ್ತಿ ಜಿನ್ನಿನ್ಯಾಗ ಫಿಟರ್ ಇದ್ದೆ, ಹತ್ತಿಬೀಜ ಬಿಡಸೂ ಮಷೀನ್ ರಿಪೇರಿ ಮಾಡಾಂವ. ಆ ಜಿನ್ನು ಬಂದ್ ಆತು, ಹೊಟ್ಟಿಪಾಡಿಗೆ ಆಫ್ರಿಕಾಕ್ಕ ಹೋದೆ, ಟಾಂಜಾನಿಯಾ ಅಂತ ದೇಶ, ಅಲ್ಲೂ ಹತ್ತಿ ಜಿನ್ನ. ಮೂರು ವರ್ಷ ಇದ್ದೆ, ಅಲ್ಲ ಅಲ್ಲ, ನಾಕು. ಡಿಸೆಂಬರ್ ಅಂದ್ರ ನಮ್ಮಲ್ಲಿ ಚಾದರ ಹೊಚ್ಚಿಕೊಳ್ಳೂ ತಿಂಗಳು ಹೌದಲ್ಲೋ? ಅಲ್ಲಿ ಅಗದಿ ಸೆಕಿ, ತಗಡಿನ ಶೆಡ್ಡು ರೊಟ್ಟಿ ಹಂಚಿನಂಗ ಕಾದಿರ್ತಿತ್ತು.

ಅಲ್ಲಿ ನೀಮಾ ಅಂತ ಒಬ್ಬಾಕಿ ಹಿರಿ ಹೆಣ್ಮಗಳು, ಜಿನ್ನಿನ ಕಸ ಹೊಡೀತಿದ್ಲು. ನನಗ ಜ್ವರ ಬಂದಾಗ ಗಂಜಿ ಕಾಸಿ ತಂದುಕೊಟ್ಟಾಕಿ. ಅಂಥಾಕಿ ಕೆಲಸ ಕಳದಾಂವ ಯಾರು? ನಾನ! ನಮ್ಮ ಅಣ್ಣಿಗೇರಿ ಜಿನ್ನಿನ್ಯಾಗ ಹೆಣ್ಮಕ್ಳು ಮನಿಗೆ ಹೋಗುಮುಂದ, ಹತ್ತಿ ಕದ್ದಿಲ್ಲಂತ ಗೇಟಿನ್ಯಾಗ ಉಡಿ ಝಾಡಿಸಿ ತೋರಸೂ ಪದ್ಧತಿ ಇತ್ತು. ಅಲ್ಲಿ ಜಿನ್ನಿನ ಮಾಲಕ ಸೇಠನ ಮುಂದ ಶಾಣ್ಯಾ ಅನಸ್ಕೊಳ್ಳಾಕ ಹೋಗಿ ಅದನ್ನ ಅಲ್ಲಿ ನಾನ ಚಾಲೂ ಮಾಡಿಸಿದೆ. ಕ್ರಿಸ್‌ಮಸ್ ಎಂಟು ದಿನ ಐತಿ ಅನ್ನಾಗ ನೀಮಾನ ಉಡ್ಯಾಗಿಂದ ಎರಡು ಹಿಡಿ ಹತ್ತಿ ಬಿತ್ತು, ಮಣ್ಣು ಮೆತ್ತಿದ ಕಸದ ಹತ್ತಿ, ಮೊಮ್ಮಗಳಿಗೆ ತಲಿದಿಂಬು ಮಾಡಾಕ ಅಂತ. ಸೇಠ "ಚೋರ್!" ಅಂತ ಒದರಿ, ಎಲ್ಲಾರ ಮುಂದ ಹೊರಗ ಹಾಕಿದ. ನಾ ಬಾಜೂಕ ಕಂಬದಂಗ ನಿಂತಿದ್ದೆ. ನಮ್ಮೂರ ಜಿನ್ನಿನ್ಯಾಗ, ಗೊತ್ತೈತೇನು, ನೆಲಕ್ಕ ಬಿದ್ದ ಕಸದ ಹತ್ತಿ ಕಸ ಹೊಡ್ಯಾಕೀದ, ಅದಕ್ಕ ಯಾರೂ ಚಕಾರ ಎತ್ತತಿದ್ದಿಲ್ಲ. ಉಡಿ ಝಾಡಸೂ ಪದ್ಧತಿ ಅಲ್ಲಿಗೆ ಒಯ್ದೆ, ಈ ಪದ್ಧತಿ ಮಾತ್ರ ಇಲ್ಲೇ ಬಿಟ್ಟು ಹೋಗಿದ್ದೆ. ಎಂಥಾ ಮನಶ್ಯಾ ನಾ!

ಕ್ರಿಸ್‌ಮಸ್ ದಿನ ಏನ್ ಮಾಡಿದ ಅಂತೀರಿ ಆ ಸೇಠ? ಪರದೇಶದ ಗಿರಾಕಿ ಬಂದಿದ್ರು, ಅವರಿಗೆ ಹಿಮದ ಬರ್ಫ ಬಿದ್ದಂಗ ತೋರಸ್ಬೇಕಂತ ಅಂಗಳದಾಗಿನ ಗಿಡಕ್ಕ ಮೂಟಿಗಟ್ಟಲೆ ಮೊದಲ ನಂಬರ್ ಹತ್ತಿ ಅಂಟಿಸಿದ, ನೆಲಕ್ಕೂ ಹಾಸಿದ, ಬೂಟಿಲೆ ತುಳ್ಯಾಕ! ಹತ್ತೀನ ಕಣ್ಣಿಗೆ ಒತ್ತಿಕೊಂಡು ಮಷೀನಿಗೆ ಹಾಕೂ ಮಂದಿ ನಾವು. ಮ್ಯಾಲೆ ನನಗ ಕ್ರಿಸ್‌ಮಸ್ ಅಜ್ಜನ ವೇಷ, ಕೆಂಪು ಉಣ್ಣಿ ಅಂಗಿ ಹಾಕಿ, ಹತ್ತಿ ಗಡ್ಡ ಹಚ್ಚಿ, ಮಕ್ಳಿಗೆ ಮಿಠಾಯಿ ಹಂಚು ಅಂದ. ಬೆವರು ಧಾರಾಕಾರ, ಗಡ್ಡ ತೊಯ್ದು ಬಾಯಾಗ ಬರಾಕತ್ತಿತ್ತು. ಗೇಟಿನ ಹೊರಗ ನೀಮಾ ಮೊಮ್ಮಗಳ ಕೈ ಹಿಡಕೊಂಡು ನಿಂತಾಳ, ಒಳಗ ಬಿಡವಲ್ರು. ತಡಕೊಳ್ಳಾಕ ಆಗಲಿಲ್ಲ ನೋಡ್ರಿ. ಗಿಡದಾಗಿನ ಹತ್ತಿ ಎರಡೂ ಕೈಲೆ ಬಾಚಿ ಹೋಗಿ, "ತಗೋರಿ, ದಿಂಬು ತುಂಬರಿ" ಅಂದೆ. ಆಕಿ ಕೈ ಚಾಚಲೇ ಇಲ್ಲ. "ಹತ್ತಿ ನನಗ್ಯಾಕ? ನಾ ಕಳ್ಳಿ ಅಲ್ಲಂತ ಅಲ್ಲಿ ಎಲ್ಲಾರ ಮುಂದ ಹೋಗಿ ಹೇಳು" ಅಂದ್ಲು. ಮೊಮ್ಮಗಳ ಮುಂದ, ಸಣ್ಣ ದನಿಲೆ.

ಹೋಗಿ ಹೇಳಿದೆ, ಬಂದಷ್ಟು ಆ ಊರ ಭಾಷಾದಾಗ: "ಆಕಿ ಕಳ್ಳಿ ಅಲ್ಲ, ತಪ್ಪು ನಂದು!" ಮಂದಿ ಚಪ್ಪಾಳಿ ಹೊಡದ್ರು, ವೇಷ ಕಂಡು ನಾಟಕ ಅಂತ ತಿಳಕೊಂಡು! ಸೇಠನೂ ನಕ್ಕ. ಗಡ್ಡ ಕಿತ್ತು ಒಗದೆ. ಮರುದಿನ ಮಷೀನಿಗೆ ಕೈ ಹಚ್ಚಲಿಲ್ಲ. ಸೇಠ ಬಂದ, "ಅರೆ ಫಿಟರ್, ಎರಡು ಹಿಡಿ ಹತ್ತಿ ಸಲುವಾಗಿ ಜಿನ್ನು ನಿಂದ್ರಸ್ತಿ?" "ಹತ್ತಿ ಸಲುವಾಗಿ ಅಲ್ರಿ, ಆಕೀನ ಕರಸ್ರಿ, ಎಲ್ಲಾರ ಮುಂದ ತಪ್ಪಾತು ಅನ್ರಿ, ಇಲ್ಲಾ ನನ್ನ ಊರಿಗೆ ಕಳಸ್ರಿ." ನನ್ನ ಬಿಟ್ರ ಅಲ್ಲಿ ಬ್ಯಾರೆ ಫಿಟರ್ ಇಲ್ಲ, ಮೂರು ದಿನ ಮಷೀನ್ ತಣ್ಣಗ ನಿಂತ್ವು. ನಾಕನೇ ದಿನ ನೀಮಾನ ಕರಸಿದ, ಕೂಲಿ ಮಂದೀನೆಲ್ಲಾ ಕೂಡಿಸಿ, ಮಾರಿ ಹುಳ್ಳಗ ಮಾಡಿಕೊಂಡು ತಪ್ಪಾತು ಅಂದ. ನಾನೂ ಅಂದೆ. ಆಕಿ ನಮ್ಮಿಬ್ಬರನ್ನೂ ಒಂದ ಸಲ ನೋಡಿ, ಕಸಬರಗಿ ತಗೊಂಡು ಕೆಲಸಕ್ಕ ಹೋದ್ಲು. ತಿಳೀತಿಲ್ಲೋ? ಎಲ್ಲಾರ ಮುಂದ ಒಬ್ಬರ ಮಾನ ಕಳದು, ಮೂಲ್ಯಾಗ ಕರದು ಕೈ ತುಂಬಿದ್ರ ನಡ್ಯಂಗಿಲ್ಲ, ಎಲ್ಲಾರ ಮುಂದನ ತಪ್ಪಾತು ಅನ್ನಬೇಕು. ಅಷ್ಟು ಅನ್ನಾಕ ನನಗ ಹನ್ನೆರಡು ದಿನ ಹಿಡೀತು, ನಿಮಗ ಹಿಡೀಬಾರ್ದು. ಏಳ್ರಿನ್ನ, ರೊಟ್ಟಿ ಆರ್ತಾವು.